ಬೆಟ್ಟ ಕಡಲುಗಳ ನಡುವಣ ದಾರಿ
(ಇಟಲಿಯ ಲಿಗೂರಿಯಾ ಕರಾವಳಿಯಲ್ಲಿ ಐದು ದಿನಗಳ ಕಾರು ಪ್ರವಾಸ)

ಇಟಲಿ ದೇಶದ ಭೂಪಟವನ್ನು ಕಂಡವರೆಲ್ಲರೂ ಅದನ್ನು ನೀಳವಾದ ಬೂಟಿಗೆ ಹೋಲಿಸುವುದು ವಾಡಿಕೆ. ಆ ಬೂಟಿನ ಮೇಲ್ತುದಿಯಲ್ಲಿ, ಎಡಮಗ್ಗುಲಿಗೆ, ಕಮಾನಿನಂತೆ ಬಾಗಿಕೊಂಡ ಒಂದು ಕಿರಿದಾದ ತೀರಪ್ರದೇಶವಿದೆ. ಅದುವೇ ಲಿಗೂರಿಯಾ. ಬೆನ್ನ ಹಿಂದೆ ಆಲ್ಪ್ಸ್ ಮತ್ತು ಅಪೆನೈನ್ ಪರ್ವತಶ್ರೇಣಿಗಳು, ಕಾಲ ಮುಂದೆ ನೀಲಿ ಸಮುದ್ರ. ಇವೆರಡರ ನಡುವೆ ಮನೆ ಕಟ್ಟಲು, ತೋಟ ಮಾಡಲು, ರಸ್ತೆ ಹಾಸಲು ಮನುಷ್ಯನಿಗೆ ದೊರೆತ ನೆಲ ಅತ್ಯಲ್ಪ. ಕೆಲವೆಡೆಗಳಲ್ಲಿ ಬೆಟ್ಟವು ನೇರವಾಗಿ ನೀರಿಗೇ ಇಳಿದುಬಿಟ್ಟಿದೆ. ಈ ಕಮಾನಿನ ನಟ್ಟನಡುವೆ ಜೆನೋವಾ ಮಹಾನಗರವಿದ್ದು, ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಫ್ರಾನ್ಸಿನ ಗಡಿಯನ್ನೂ ಪೂರ್ವಕ್ಕೆ ಹೊರಟರೆ ಟಸ್ಕನಿ ಪ್ರಾಂತವನ್ನೂ ಸೇರಬಹುದು. ೨೦೨೪ರ ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ ನಾವು ದಂಪತಿಗಳು ಪೂರ್ವದ ದಾರಿಯನ್ನು ಹಿಡಿದು ಪೀಸಾ ನಗರದವರೆಗೆ ಪ್ರಯಾಣ ಮಾಡಿದೆವು. ಹೆದ್ದಾರಿಯಲ್ಲಿ ಎರಡು ತಾಸಿಗೆ ಮುಗಿಯುವ ಹಾದಿಯದು. ನಾವು ಐದು ದಿನ ತೆಗೆದುಕೊಂಡೆವು.

ವಿದೇಶ ಪ್ರವಾಸವೆಂದರೆ ಇಂದು ನಮ್ಮವರಲ್ಲಿಯೂ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಆದರೆ ಬಹುಮಂದಿ ಹೋಗುವುದು ಪ್ರವಾಸ ಸಂಸ್ಥೆಗಳ ಬಸ್ಸುಗಳಲ್ಲಿ. ಎಂಟು ದಿನಕ್ಕೆ ಎಂಟು ಊರು, ಊಟಕ್ಕೆ ನಮ್ಮದೇ ಅನ್ನ ಸಾರು. ಮಕ್ಕಳು ನಮಗೂ ಅದನ್ನೇ ಸೂಚಿಸಿದ್ದರು. ನಮ್ಮ ಮನೆಯವರು ಒಪ್ಪಲಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತೈದು ವರ್ಷ ಅಭಿಯಂತರರಾಗಿ ದುಡಿದು ನಿವೃತ್ತರಾದ ಅವರಿಗೆ ರಸ್ತೆಯೆಂದರೆ ಬರಿಯ ದಾರಿಯಲ್ಲ, ಅದೊಂದು ಓದುವ ಗ್ರಂಥ. "ಮತ್ತೊಬ್ಬರ ಬಸ್ಸಿನಾಗ ಕುಂತು ನಿದ್ದಿ ಮಾಡಾಕ ಅಷ್ಟು ದೂರ ಯಾಕ ಹೋಗಬೇಕು? ನಾನ ಗಾಡಿ ಹೊಡೀತೀನಿ, ನೀನು ದಾರಿ ಹೇಳು" ಎಂದರು. ಅವರ ಸೇವಾವಧಿಯಲ್ಲಿ ಅವರು ಜೊಯಿಡಾದಲ್ಲಿದ್ದಾಗಲೂ ಯಾದಗಿರಿಯಲ್ಲಿದ್ದಾಗಲೂ ನಾನು ಮಕ್ಕಳ ಶಾಲೆಯ ನಿಮಿತ್ತ ಧಾರವಾಡದಲ್ಲಿಯೇ ಇದ್ದವಳು. ಐದು ದಿನ ಎಡೆಬಿಡದೆ ಒಂದೇ ವಾಹನದಲ್ಲಿ ಅಕ್ಕಪಕ್ಕ ಕುಳಿತದ್ದು ನಮ್ಮ ದಾಂಪತ್ಯದಲ್ಲಿ ಅದೇ ಮೊದಲು. ಆ ಸಂತೋಷದ ಜೊತೆಗೆ ನನಗೊಂದು ಅಂಜಿಕೆಯೂ ಇತ್ತು. ಅವರಿಗೆ ಅರುವತ್ತಾರು ವರ್ಷ. ಆ ದೇಶದಲ್ಲಿ ವಾಹನಗಳು ಚಲಿಸುವುದು ಬಲಬದಿಗೆ. ಚಾಲಕನ ಆಸನವಿರುವುದು ಎಡಕ್ಕೆ. ಗೇರನ್ನು ಬದಲಿಸಬೇಕಾದುದು ಬಲಗೈಯಿಂದ. ನಾಲ್ಕು ದಶಕಗಳ ಅಭ್ಯಾಸವನ್ನು ಒಂದು ಮುಂಜಾನೆ ತಿರುವಿಹಾಕುವುದು ಸುಲಭವೆ?

ಸಿದ್ಧತೆಯ ಕುರಿತು ಎರಡು ಮಾತು ಹೇಳುವುದು ಅವಶ್ಯ. ನಮ್ಮ ದೇಶದ ಚಾಲನಾ ಪರವಾನಿಗೆಯೊಂದಿದ್ದರೆ ಇಟಲಿಯಲ್ಲಿ ಸಾಲದು. ಅದರ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಿಗೆಯೂ ಬೇಕು. ಇದನ್ನು ನಮ್ಮ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೇ ಪಡೆಯಬಹುದು, ಒಂದು ವರ್ಷದ ಮಟ್ಟಿಗೆ ಅದು ಊರ್ಜಿತ. ಬಾಡಿಗೆ ಕಾರಿಗೆ ಮುಂಗಡ ಜಾಮೀನು ಹಿಡಿಯಲು ಚಾಲಕನ ಹೆಸರಿನಲ್ಲಿಯೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಕಾರು ಚಿಕ್ಕದಿದ್ದಷ್ಟೂ ಕ್ಷೇಮ. ನಾವು ಆರಿಸಿಕೊಂಡದ್ದು ಫಿಯೆಟ್ ಪಾಂಡಾ ಎಂಬ ಪುಟ್ಟ ಗಾಡಿ. ಆ ಊರುಗಳ ಓಣಿಗಳನ್ನು ಕಂಡ ಮೇಲೆ, ಅದಕ್ಕಿಂತ ಒಂದು ಗೇಣು ಅಗಲವಾದುದನ್ನು ತೆಗೆದುಕೊಳ್ಳಲಿಲ್ಲವಲ್ಲ ಎಂದು ನಾನು ಪುಣ್ಯವೆಂದುಕೊಂಡೆ.

ಅಲ್ಲಿಯ ರಸ್ತೆಗಳು ಬಣ್ಣಗಳಿಂದ ಮಾತನಾಡುತ್ತವೆ. ಹಸಿರು ಫಲಕ ಸುಂಕದ ಹೆದ್ದಾರಿಯದು, ನೀಲಿ ಫಲಕ ಸಾಮಾನ್ಯ ರಸ್ತೆಯದು. ಕಾರು ನಿಲ್ಲಿಸುವಲ್ಲಿ ನೀಲಿ ಗೆರೆಯಿದ್ದರೆ ಹಣ ತೆರಬೇಕು, ಬಿಳಿಯ ಗೆರೆಯಿದ್ದರೆ ಬಿಟ್ಟಿ, ಹಳದಿಯಿದ್ದರೆ ಅದು ಬೇರೆಯವರಿಗೆ ಮೀಸಲು. ಹೆದ್ದಾರಿಯಲ್ಲಿ ಗಂಟೆಗೆ ೧೩೦, ಊರೊಳಗೆ ೫೦ ಕಿಲೋಮೀಟರಿನ ಮಿತಿ. ಎಲ್ಲಕ್ಕಿಂತ ಮಿಗಿಲಾಗಿ ಎಚ್ಚರ ವಹಿಸಬೇಕಾದುದು ಹಳೆಯ ಊರುಗಳ ನಡುಭಾಗದ ವಿಷಯದಲ್ಲಿ. ಕೆಂಪು ವೃತ್ತದ ಫಲಕದ ಕೆಳಗೆ 'ಝೋನಾ ಆ ತ್ರಾಫಿಕೊ ಲಿಮಿತಾತೊ' ಎಂದು ಬರೆದಿದ್ದರೆ ಅಲ್ಲಿ ಅನುಮತಿಯಿಲ್ಲದ ವಾಹನ ಕಾಲಿಡಕೂಡದು. ಪೊಲೀಸರಾರೂ ಅಡ್ಡಗಟ್ಟುವುದಿಲ್ಲ, ಕ್ಯಾಮೆರಾ ಸದ್ದಿಲ್ಲದೆ ಚಿತ್ರ ತೆಗೆದುಕೊಳ್ಳುತ್ತದೆ, ತಿಂಗಳುಗಳ ನಂತರ ದಂಡದ ಪತ್ರ ಮನೆಯ ಬಾಗಿಲಿಗೆ ಬರುತ್ತದೆ. ಆದ್ದರಿಂದ ಊರ ಹೊರಗೆ ಕಾರು ಬಿಟ್ಟು ನಡೆಯುವುದೆಂದು ನಾವು ಮೊದಲೇ ನಿಶ್ಚಯಿಸಿದ್ದೆವು.

ಜೆನೋವಾ ಪುರಾತನ ರೇವುಪಟ್ಟಣ. ಕೊಲಂಬಸನ ಜನ್ಮಸ್ಥಳವೆಂದು ಲೋಕಪ್ರಸಿದ್ಧ. ೧೫೪೩ರಲ್ಲಿ ಈಗಿನ ರೂಪ ಪಡೆದ ಅಲ್ಲಿಯ ದೀಪಸ್ತಂಭ ಇಂದಿಗೂ ಹಡಗುಗಳಿಗೆ ಬೆಳಕು ತೋರುತ್ತಿದೆ. ಆದರೆ ನಮ್ಮ ಮನೆಯವರಿಗೆ ಮೊದಲು ನೋಡಬೇಕಾಗಿದ್ದುದು ಅರಮನೆಯನ್ನೂ ಅಲ್ಲ, ದೀಪಸ್ತಂಭವನ್ನೂ ಅಲ್ಲ, ಒಂದು ಸೇತುವೆಯನ್ನು. ನಗರದ ಪಶ್ಚಿಮಕ್ಕೆ ಪೊಲ್ಚೆವೆರಾ ಎಂಬ ನದಿಯ ಕಣಿವೆಯಿದೆ. ಅದರ ಮೇಲೆ ರಿಕ್ಕಾರ್ಡೊ ಮೊರಾಂಡಿ ಎಂಬ ಹೆಸರಾಂತ ಅಭಿಯಂತರನು ರಚಿಸಿದ ಮೇಲ್ಸೇತುವೆ ೧೯೬೭ರಲ್ಲಿ ಉದ್ಘಾಟನೆಗೊಂಡಿತ್ತು. ಸೇತುವೆಯನ್ನು ಎತ್ತಿ ಹಿಡಿದ ಉಕ್ಕಿನ ಹುರಿಗಳನ್ನು ಅವನು ಕಾಂಕ್ರೀಟಿನೊಳಗೆ ಹುದುಗಿಸಿದ್ದನು. ಹುರಿಗೆ ಅದೇ ಕವಚವಾಗಬೇಕೆಂಬುದು ಅವನ ಆಲೋಚನೆ. ಕಾಲಾಂತರದಲ್ಲಿ ಆ ಕವಚದೊಳಗೇ ತುಕ್ಕು ಹಿಡಿಯಿತು. ಒಳಗಿನ ಸ್ಥಿತಿ ಹೊರಗಿನವರ ಕಣ್ಣಿಗೆ ಬೀಳುವಂತಿರಲಿಲ್ಲ. ೨೦೧೮ರ ಆಗಸ್ಟ್ ೧೪ರಂದು, ಮಳೆ ಸುರಿಯುತ್ತಿದ್ದಾಗ, ಸೇತುವೆಯ ಒಂದು ಭಾಗ ವಾಹನಗಳ ಸಮೇತ ಕುಸಿದು ೪೩ ಜನ ಮಡಿದರು. ಕೆಳಗಿನ ಮನೆಗಳಲ್ಲಿದ್ದ ನೂರಾರು ಮಂದಿ ನಿರ್ವಸಿತರಾದರು. ಉಳಿದುದನ್ನು ೨೦೧೯ರಲ್ಲಿ ಕೆಡವಿ, ಜೆನೋವಾದವರೇ ಆದ ವಾಸ್ತುಶಿಲ್ಪಿ ರೆಂಝೊ ಪಿಯಾನೊ ಅವರ ಕಲ್ಪನೆಯಂತೆ ೧,೦೬೭ ಮೀಟರ್ ಉದ್ದದ ಹೊಸ ಸೇತುವೆಯನ್ನು ಕಟ್ಟಿ ೨೦೨೦ರ ಆಗಸ್ಟಿನಲ್ಲಿ ತೆರೆದರು.

ನಾವು ಸೇತುವೆಯ ಮೇಲೆ ಹೋಗದೆ ಅದರ ಕೆಳಗೆ ಹೋಗಿ ನಿಂತೆವು. ಮಡಿದವರ ನೆನಪಿಗೆ ಅಲ್ಲಿ ೪೩ ಗಿಡಗಳನ್ನು ನೆಟ್ಟಿದ್ದಾರೆ. ಇನ್ನೂ ಎಳೆಯ ಗಿಡಗಳು. ನಮ್ಮ ಮನೆಯವರು ಬಹಳ ಹೊತ್ತು ಕತ್ತೆತ್ತಿ ಮೇಲೆ ನೋಡುತ್ತಿದ್ದರು. ತಾವು ಸಹಿ ಹಾಕಿ ಕಟ್ಟಿಸಿದ ಸೇತುವೆಗಳು ಅವರ ನೆನಪಿಗೆ ಬಂದಿರಬೇಕು. ಒಂದೊಂದರ ಹೆಸರನ್ನೂ ಬೆರಳು ಮಡಚುತ್ತ ಮೆಲ್ಲನೆ ಹೇಳಿಕೊಂಡರು. ನಾನು ಮಾತನಾಡಿಸಲಿಲ್ಲ. ಹಿಂದಿರುಗುವಾಗ ಇಷ್ಟೇ ಅಂದರು: "ಕಟ್ಟೂದಕ್ಕ ರೊಕ್ಕ ಕೊಡತಾರ, ಕಾಯೂದಕ್ಕ ಯಾರೂ ಕೊಡೂದಿಲ್ಲ."

ಮರುದಿನ ಪೂರ್ವಾಭಿಮುಖವಾಗಿ ಹೊರಟೆವು. ಇಲ್ಲಿ ಎರಡು ದಾರಿಗಳಿವೆ. ಒಂದು ಸುರಂಗದಿಂದ ಸೇತುವೆಗೆ, ಸೇತುವೆಯಿಂದ ಮತ್ತೊಂದು ಸುರಂಗಕ್ಕೆ ಜಿಗಿಯುತ್ತ ಸಾಗುವ ಹೆದ್ದಾರಿ. ಇನ್ನೊಂದು ಔರೇಲಿಯಾ ಎಂಬ ಹಳೆಯ ರಸ್ತೆ. ಕ್ರಿಸ್ತಪೂರ್ವ ಕಾಲದಲ್ಲಿ ರೋಮನರು ರೋಮಿನಿಂದ ಸಮುದ್ರದ ಅಂಚಿನಲ್ಲಿ ಉತ್ತರಕ್ಕೆ ಹಾಸಿದ ದಾರಿಯ ಹೆಸರನ್ನೇ ಇಂದಿನ ಒಂದನೆಯ ರಾಷ್ಟ್ರೀಯ ರಸ್ತೆಯೂ ಹೊತ್ತಿದೆ. ಅದು ಸುಮಾರು ೭೦೦ ಕಿಲೋಮೀಟರ್ ಓಡಿ ಫ್ರಾನ್ಸಿನ ಗಡಿ ಮುಟ್ಟುತ್ತದೆ. ನನಗೆ ಹೆದ್ದಾರಿಯೇ ಕ್ಷೇಮವೆನಿಸಿತ್ತು. ಅವರಿಗೆ ಔರೇಲಿಯಾವೇ ಬೇಕಿತ್ತು. ಔರೇಲಿಯಾವೇ ಆಯಿತು.

ಮೊದಲ ಒಂದು ತಾಸು ನಾನು "ಬಲಕ್ಕ ಇರ್ರಿ, ಬಲಕ್ಕ" ಎಂಬುದನ್ನು ಜಪದಂತೆ ಹೇಳುತ್ತಲೇ ಇದ್ದೆ. ಅವರು "ಗೊತ್ತೈತಿ, ಗೊತ್ತೈತಿ" ಎನ್ನುತ್ತಲೇ ಇದ್ದರು. ನೇರ ರಸ್ತೆಯಲ್ಲಿ ತೊಂದರೆಯಿಲ್ಲ. ಎಡಕ್ಕೆ ತಿರುಗುವಾಗಲೂ ವೃತ್ತಗಳನ್ನು ಸುತ್ತುವಾಗಲೂ ಮನಸ್ಸು ತನ್ನ ಹಳೆಯ ಬದಿಯನ್ನೇ ಬಯಸುತ್ತದೆ. ವೃತ್ತದೊಳಗಿರುವ ವಾಹನಕ್ಕೆ ದಾರಿ ಬಿಡುವುದು ಅಲ್ಲಿಯ ನಿಯಮ, ಅದನ್ನು ಎಲ್ಲರೂ ಪಾಲಿಸುತ್ತಾರೆ. ಕುರುಡು ತಿರುವುಗಳಲ್ಲಿ ಗೋಡೆಗೆ ಉಬ್ಬುಗನ್ನಡಿ ಹಾಕಿರುತ್ತಾರೆ. ಎದುರಿನಿಂದ ಬರುವ ಬಸ್ಸು ಅದರಲ್ಲಿ ಮೊದಲೇ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಜಪ ನಿಂತಿತು. ಅದು ನಿಂತದ್ದು ಕಡಲು ಕಂಡುದರಿಂದಲೋ ಅಂಜಿಕೆ ಹೋದುದರಿಂದಲೋ ತಿಳಿಯದು.

ಕಮೋಲಿ ಎಂಬ ಊರಿನಲ್ಲಿ ಇಳಿದೆವು. ಕಾವಿ, ಹಳದಿ, ಗುಲಾಬಿ ಬಣ್ಣಗಳ ಆರೇಳು ಅಂತಸ್ತಿನ ಮನೆಗಳು ಕಡಲಿಗೆ ಮುಖ ಮಾಡಿ ಸಾಲಾಗಿ ನಿಂತಿವೆ. ಹತ್ತಿರ ಹೋಗಿ ನೋಡಿದರೆ ಕಿಟಕಿಗಳಲ್ಲಿ ಎಷ್ಟೋ ಕಿಟಕಿಗಳೇ ಅಲ್ಲ, ಗೋಡೆಯ ಮೇಲೆ ಬರೆದ ಚಿತ್ರಗಳು! ಬಾಗಿಲ ಚೌಕಟ್ಟು, ಕಲ್ಲಿನ ಕೆತ್ತನೆ, ನೆರಳು ಎಲ್ಲವೂ ಕುಂಚದ ಮಾಯೆ. ಇದು ನಾವಿಕರ ಊರು. 'ಹೆಂಡಂದಿರ ಮನೆಗಳು' ಎಂಬ ಮಾತಿನಿಂದ ಊರಿಗೆ ಈ ಹೆಸರು ಬಂತೆಂದು ಜನ ಹೇಳುವುದುಂಟು. ಗಂಡಂದಿರು ಸಮುದ್ರದ ಮೇಲೆ, ಮನೆಯಲ್ಲಿ ಹೆಂಡಂದಿರು ಮಾತ್ರ. ಪಂಡಿತರು ಇದನ್ನು ಒಪ್ಪಲಿಕ್ಕಿಲ್ಲ. ಗಂಡನ ವರ್ಗಾವಣೆಗಳನ್ನು ಎಣಿಸುತ್ತ ಊರಲ್ಲಿ ಉಳಿದ ನನಗಂತೂ ಈ ವ್ಯುತ್ಪತ್ತಿ ಬಹಳ ಹಿಡಿಸಿತು.

ನಮ್ಮ ಮನೆತನಗಳಿಂದ ಹೊರದೇಶಕ್ಕೆ ಹೋಗುವವರ ಮೊದಲ ಪ್ರಶ್ನೆ ಊಟದ್ದು. ನಾವು ಕಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಕಟ್ಟಿಕೊಂಡೇ ಹೋಗಿದ್ದೆವು. ಆದರೆ ಲಿಗೂರಿಯಾ ಸಸ್ಯಾಹಾರಿಗಳ ಪಾಲಿಗೆ ಕಠಿಣವಾದ ನಾಡಲ್ಲ. ಫರಿನಾತಾ ಎಂಬ ತಿನಿಸನ್ನು ಕಂಡ ಕೂಡಲೇ ನನಗೆ ನಗು ಬಂತು. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ. ಇಷ್ಟನ್ನೇ ಕಲಸಿ ದೊಡ್ಡ ತಾಮ್ರದ ತಾಟಿನಲ್ಲಿ ಹರವಿ ಕಟ್ಟಿಗೆಯ ಒಲೆಯೊಳಗೆ ಬೇಯಿಸುತ್ತಾರೆ. ಒಗ್ಗರಣೆಯೊಂದನ್ನು ಬಿಟ್ಟರೆ ನಮ್ಮ ಜುಣಕದ ವಡಿಯ ತಂಗಿಯೇ ಸರಿ. ಫೊಕಾಚ್ಚಾ ಎಂಬ ಮೆತ್ತನೆಯ ರೊಟ್ಟಿಯನ್ನು ಜೆನೋವಾದವರು ಆಲಿವ್ ಎಣ್ಣೆಯಲ್ಲಿ ಮಾಡುತ್ತಾರೆ. ಬೇರೆ ಕೆಲವು ಪ್ರಾಂತಗಳಲ್ಲಿ ಇಂಥ ರೊಟ್ಟಿಗೆ ಹಂದಿಯ ಕೊಬ್ಬು ಬಳಸುವುದುಂಟಾದ್ದರಿಂದ ಕೇಳಿ ತಿನ್ನುವುದು ಲೇಸು. ಪೆಸ್ಟೊ ಎಂಬ ಜಗತ್ಪ್ರಸಿದ್ಧ ಹಸಿರು ಚಟ್ನಿ ಈ ನೆಲದ್ದೇ. ತುಳಸಿಯ ಸೋದರಿಯಾದ ಬೇಸಿಲ್ ಎಲೆ, ಬೆಳ್ಳುಳ್ಳಿ, ಪೈನ್ ಮರದ ಬೀಜಗಳನ್ನು ಅಮೃತಶಿಲೆಯ ಒರಳಿನಲ್ಲಿ ಕಟ್ಟಿಗೆಯ ಒನಕೆಯಿಂದ ಅರೆಯುತ್ತಾರೆ. ಆದರೆ ಅದಕ್ಕೆ ಪಾರ್ಮೆಜಾನೊ ಚೀಸ್ ಬೆರೆಸುತ್ತಾರೆ. ಆ ಚೀಸಿಗೆ ಹಾಲು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುವುದು ಅದರ ಶಾಸ್ತ್ರೋಕ್ತ ವಿಧಾನ. ಹಾಲಿನ ಪದಾರ್ಥವೆಂದು ನಿಶ್ಚಿಂತೆಯಿಂದ ತಿನ್ನುವ ನಮ್ಮವರು ಇದನ್ನು ತಿಳಿದಿರಬೇಕು. ತರಕಾರಿ ಸಾರಿಗೂ ಕೆಲವೊಮ್ಮೆ ಮಾಂಸದ ಕಟ್ಟು ಹಾಕುತ್ತಾರೆ. 'ಸೆಂಝಾ ಕಾರ್ನೆ, ಸೆಂಝಾ ಪೆಶ್ಶೆ, ಸೆಂಝಾ ಫೊರ್ಮಾಜ್ಜೊ'—ಮಾಂಸವಿಲ್ಲದೆ, ಮೀನಿಲ್ಲದೆ, ಚೀಸಿಲ್ಲದೆ—ಈ ಮೂರು ಮಾತುಗಳನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಯಾವ ಉಪಾಹಾರ ಗೃಹದಲ್ಲಿಯೂ ಇದಕ್ಕೆ ಬೇಸರಿಸಲಿಲ್ಲ.

ಪೋರ್ಟೊಫೀನೊ ಶ್ರೀಮಂತರ ವಿಹಾರಸ್ಥಳ. ವಿಹಾರನೌಕೆಗಳನ್ನು ನೋಡಿ, ಕಾರು ನಿಲ್ಲಿಸಿದ ಬಾಬ್ತು ತೆತ್ತು, ಬೇಗನೆ ಹೊರಟೆವು. ಸೆಸ್ತ್ರಿ ಲೆವಾಂತೆ ದಾಟಿದ ಮೇಲೆ ಔರೇಲಿಯಾ ಸಮುದ್ರವನ್ನು ಬಿಟ್ಟು ಬೆಟ್ಟಕ್ಕೇರುತ್ತದೆ. ಸುಮಾರು ೬೦೦ ಮೀಟರ್ ಎತ್ತರದ ಬ್ರಾಕ್ಕೊ ಕಣಿವೆದಾರಿಯಲ್ಲಿ ನಮ್ಮ ಹಿಂದೆ ಬಂದ ಮೋಟಾರು ಸೈಕಲ್ಲುಗಳ ತಂಡವೊಂದು ತಾಳ್ಮೆಯಿಂದ ಕಾದು, ನಾವು ಪಕ್ಕಕ್ಕೆ ಸರಿದಾಗ ಕೈಯೆತ್ತಿ ವಂದಿಸಿ ಮುಂದೆ ಹೋಯಿತು. ಯಾರೂ ಹಾರ್ನ್ ಬಾರಿಸಲಿಲ್ಲ. "ಇಲ್ಲಿ ಗಾಡಿಗೆ ಹಾರ್ನ್ ಹಾಕಿ ಕೊಟ್ಟಾರೋ ಇಲ್ಲೋ" ಎಂದು ನಮ್ಮ ಮನೆಯವರು ಒಮ್ಮೆ ಒತ್ತಿ ಪರೀಕ್ಷಿಸಿದರು.

ಲೆವಾಂತೊ ಎಂಬಲ್ಲಿ ಎರಡು ರಾತ್ರಿ ತಂಗಿ, ಕಾರನ್ನು ಅಲ್ಲಿಯೇ ಬಿಟ್ಟು ರೈಲು ಹಿಡಿದೆವು. ಮುಂದಿನ ಐದು ಊರುಗಳಿಗೆ—ಮೊಂತೆರೊಸ್ಸೊ, ವೆರ್ನಾಟ್ಸಾ, ಕೊರ್ನೀಲಿಯಾ, ಮನರೋಲಾ, ರಿಯೊಮಜ್ಜೋರೆ—ಒಟ್ಟಾಗಿ ಚಿಂಕ್ವೆ ತೆರ್ರೆ, ಅಂದರೆ 'ಐದು ನೆಲಗಳು' ಎಂದು ಹೆಸರು. ಪರಸ್ಥಳದವರ ಕಾರುಗಳಿಗೆ ಆ ಊರುಗಳೊಳಗೆ ಪ್ರವೇಶವಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಟ್ಟಗಳನ್ನು ಕೊರೆದು ರೈಲು ಹಾಕುವವರೆಗೂ ಇಲ್ಲಿಗೆ ದೋಣಿಯಲ್ಲೋ ಕಾಲುದಾರಿಯಲ್ಲೋ ಬರಬೇಕಾಗಿತ್ತು.

ಈ ಊರುಗಳ ನಿಜವಾದ ವೈಭವ ಕಡಲಿನಲ್ಲಿಲ್ಲ, ಬೆನ್ನ ಹಿಂದಿನ ಬೆಟ್ಟದಲ್ಲಿದೆ. ಗೋಡೆಯಂತೆ ಕಡಿದಾದ ಇಳಿಜಾರನ್ನು ಸುಮಾರು ಸಾವಿರ ವರ್ಷಗಳಿಂದ ಜನ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಒಂದೊಂದು ಮೆಟ್ಟಿಲಿಗೂ ಗಾರೆಯಿಲ್ಲದ ಕಲ್ಲಿನ ತಡೆಗೋಡೆ ಕಟ್ಟಿ, ಹಿಂದೆ ಮಣ್ಣು ತುಂಬಿ ದ್ರಾಕ್ಷಿಯನ್ನೂ ಆಲಿವನ್ನೂ ಬೆಳೆದಿದ್ದಾರೆ. ಕೆಲವು ಮೆಟ್ಟಿಲುಗಳ ಮೇಲೆ ಬಳ್ಳಿಯ ಎರಡು ಸಾಲು ಹಿಡಿಸುವುದೂ ಕಷ್ಟ. ಎತ್ತು ಬಾರದು, ಟ್ರ್ಯಾಕ್ಟರ್ ಬಾರದು. ಎಲ್ಲವೂ ಮನುಷ್ಯನ ಬೆನ್ನಿನ ಮೇಲೆ. ಈಚೆಗೆ ಒಂದೇ ಹಳಿಯ ಮೇಲೆ ತೆವಳುವ ಪುಟ್ಟ ಯಂತ್ರಬಂಡಿಗಳನ್ನು ಕೆಲವೆಡೆ ಹಾಕಿದ್ದಾರೆ. ೧೯೯೭ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ೧೯೯೯ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಗಾರೆಯಿಲ್ಲದೆ ಕಲ್ಲು ಜೋಡಿಸುವ ಕಲೆಗೇ ೨೦೧೮ರಲ್ಲಿ ಇಟಲಿಯೂ ಸೇರಿ ಎಂಟು ದೇಶಗಳ ಪರವಾಗಿ ಯುನೆಸ್ಕೊ ಮನ್ನಣೆ ದೊರೆಯಿತು.

ಕೊರ್ನೀಲಿಯಾ ಕಡಲಿನಿಂದ ಸುಮಾರು ೧೦೦ ಮೀಟರ್ ಎತ್ತರದಲ್ಲಿದೆ. ರೈಲು ನಿಲ್ದಾಣದಿಂದ ೩೭೦ಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಹತ್ತಬೇಕು. ನನ್ನ ಮೊಣಕಾಲು ಬೇಡವೆಂದಿತು, ಆದರೂ ಹತ್ತಿದೆ. ಊರಾಚೆಯ ಕಾಲುದಾರಿಯಲ್ಲಿ ವೃದ್ಧ ದಂಪತಿಗಳು ಕುಸಿದ ಗೋಡೆಯ ಒಂದು ತುಣುಕನ್ನು ಮತ್ತೆ ಕಟ್ಟುತ್ತಿದ್ದರು. ಅವನು ಕಲ್ಲು ಕೂರಿಸುತ್ತಿದ್ದ, ಅವಳು ಸಂದಿಗೆ ಚಿಕ್ಕ ಚಕ್ಕೆಗಳನ್ನು ಆಯ್ದು ಕೊಡುತ್ತಿದ್ದಳು. ನಮ್ಮ ಮನೆಯವರು ನಿಂತು ನೋಡತೊಡಗಿದರು. ಭಾಷೆ ಬಾರದು, ಆದರೆ ಕಲ್ಲಿನ ಕೆಲಸ ತಿಳಿದವರ ಕಣ್ಣು ಅವನಿಗೆ ಗುರುತು ಸಿಕ್ಕಿರಬೇಕು. ಕೈಸನ್ನೆ ಮಾಡಿ ಕರೆದು ಒಂದು ಕಲ್ಲು ಕೊಟ್ಟ. ಇವರು ತಿರುಗಿಸಿ ತಿರುಗಿಸಿ ನೋಡಿ, ಮುಖ ಒಳಕ್ಕೆ ಬಾಗುವಂತೆ ಕೂರಿಸಿದರು. ಆತ ಅದನ್ನು ಅಂಗೈಯಿಂದ ಒತ್ತಿ ನೋಡಿ ತಲೆಯಾಡಿಸಿದ. ಆಮೇಲೆ ಇವರು ನನಗೆ ಬಿಡಿಸಿ ಹೇಳಿದರು: ಗಾರೆ ಹಾಕಿದ ಗೋಡೆ ನೀರನ್ನು ತಡೆದು ನಿಲ್ಲಿಸುತ್ತದೆ, ಹಿಂದೆ ಒತ್ತಡ ಬೆಳೆದು ಒಂದು ದಿನ ಉಬ್ಬಿ ಬೀಳುತ್ತದೆ, ಒಣಗೋಡೆಯ ಸಂದಿಗಳಲ್ಲಿ ನೀರು ಹರಿದುಹೋಗುತ್ತದೆ, ಮಣ್ಣು ಉಳಿಯುತ್ತದೆ. ಆದರೆ ವರ್ಷ ವರ್ಷವೂ ಅದರ ಮೇಲೆ ಕೈಯಾಡಿಸುತ್ತಲೇ ಇರಬೇಕು.

ಆ ಕೈಗಳೇ ಈಗ ಕಡಿಮೆಯಾಗಿವೆ. ಪಕ್ಕದ ಲಾ ಸ್ಪೆಟ್ಸಿಯಾದಲ್ಲಿ ನೌಕಾಪಡೆಯ ಕಾರ್ಖಾನೆ ಬಂದ ಮೇಲೆ ಸಂಬಳದ ಕೆಲಸಕ್ಕೆ ಜನ ಇಳಿದುಹೋದರು. ತರುವಾಯ ಪ್ರವಾಸಿಗರು ಬಂದರು, ಕೋಣೆ ಬಾಡಿಗೆಗೆ ಕೊಡುವುದು ದ್ರಾಕ್ಷಿ ಹೊರುವುದಕ್ಕಿಂತ ಹಗುರವಾಯಿತು. ಬಿಟ್ಟುಹೋದ ಮೆಟ್ಟಿಲುಗಳ ಮೇಲೆ ಮುಳ್ಳುಕಂಟಿ ಬೆಳೆದು ಗೋಡೆಗಳು ಸಡಿಲಾಗುತ್ತಿವೆ. ೨೦೧೧ರ ಅಕ್ಟೋಬರ್ ೨೫ರಂದು ಕೆಲವೇ ತಾಸುಗಳಲ್ಲಿ ಸುರಿದ ಮಹಾಮಳೆಗೆ ಬೆಟ್ಟದ ಕೆಸರೂ ಕಲ್ಲೂ ವೆರ್ನಾಟ್ಸಾ ಮತ್ತು ಮೊಂತೆರೊಸ್ಸೊ ಊರುಗಳ ಮೇಲೆ ಹರಿದು ನೆಲಮಾಳಿಗೆಗಳನ್ನೆಲ್ಲ ಹೂಳಿಬಿಟ್ಟವು, ಪ್ರಾಣಹಾನಿಯೂ ಆಯಿತು. ವೆರ್ನಾಟ್ಸಾದ ಬೀದಿಯಲ್ಲಿ ಇಂದು ನಗುನಗುತ್ತ ಐಸ್‌ಕ್ರೀಮ್ ತಿನ್ನುವ ಜನಸಂದಣಿಯನ್ನು ಕಂಡರೆ ಅದನ್ನು ನಂಬುವುದು ಕಷ್ಟ. ನಾವು ಹೊರಡುವ ಎರಡು ತಿಂಗಳ ಮುಂಚೆ, ಜುಲೈ ೧೬ರಂದು, ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಿತ್ತು. ಆ ಭಾಗದಲ್ಲಿ ಕೆಲಸ ಮಾಡಿದ ನಮ್ಮ ಮನೆಯವರು ಅಂದು ಇಡೀ ದಿನ ಊಟ ಮಾಡಿರಲಿಲ್ಲ. ವೆರ್ನಾಟ್ಸಾದಲ್ಲಿ ಬೆಟ್ಟದ ಕಡೆಗೇ ಮುಖ ಮಾಡಿ ಕುಳಿತ ಅವರನ್ನು ನಾನೇ ಕೈಹಿಡಿದು ಎಬ್ಬಿಸಬೇಕಾಯಿತು.

ರಿಯೊಮಜ್ಜೋರೆಯಿಂದ ಮನರೋಲಾಕ್ಕೆ ಬಂಡೆಯ ಎದೆಯಲ್ಲಿ ಕೊರೆದ ಸುಮಾರು ೯೦೦ ಮೀಟರಿನ ಕಾಲುದಾರಿಯೊಂದಿದೆ. ಅದರ ಹೆಸರು 'ಪ್ರೇಮಪಥ'. ಹಿಂದೆ ಎರಡೂ ಊರುಗಳ ಯುವಕ ಯುವತಿಯರು ಭೇಟಿಯಾಗುತ್ತಿದ್ದ ದಾರಿಯಾದ್ದರಿಂದ ಆ ಹೆಸರಂತೆ. ೨೦೧೨ರ ಸೆಪ್ಟೆಂಬರಿನಲ್ಲಿ ಬಂಡೆಗಳುರುಳಿ ಪ್ರವಾಸಿಗರು ಗಾಯಗೊಂಡ ಮೇಲೆ ಮುಚ್ಚಿದ ಈ ದಾರಿ, ಬಲೆ ಬಿಗಿದು ಬಂಡೆಗಳನ್ನು ಭದ್ರಪಡಿಸಿದ ನಂತರ, ೨೦೨೪ರ ಬೇಸಿಗೆಯಲ್ಲಷ್ಟೇ ಮತ್ತೆ ತೆರೆದಿತ್ತು. ಹೊತ್ತು ನಿಗದಿ ಮಾಡಿ ಪ್ರತ್ಯೇಕ ಚೀಟಿ ಕೊಡುತ್ತಾರೆ. ಸುತ್ತಲೂ ಎಳೆಯ ಜೋಡಿಗಳು ಚಿತ್ರ ತೆಗೆದುಕೊಳ್ಳುತ್ತಿದ್ದರೆ, ನಮ್ಮ ಮನೆಯವರು ಬಲೆಯನ್ನು ಬಂಡೆಗೆ ಬಿಗಿದ ಮೊಳೆಗಳನ್ನು ಎಣಿಸುತ್ತಿದ್ದರು. "ಇಲ್ಲಿಯಾದರೂ ಸಮುದ್ರ ನೋಡ್ರಿ" ಎಂದೆ. ನೋಡಿದರು. ಸೂರ್ಯ ಇಳಿಯುತ್ತಿದ್ದ. ಇಬ್ಬರೂ ಕಟ್ಟೆಯ ಮೇಲೆ ಕುಳಿತು ಉಳಿದಿದ್ದ ರೊಟ್ಟಿಯನ್ನು ಹಿಂಡಿಯೊಡನೆ ತಿಂದೆವು.

ನಾಲ್ಕನೆಯ ದಿನ ಲೆರಿಚಿಯ ಕೊಲ್ಲಿಗೆ ಬಂದೆವು. ಆಂಗ್ಲ ಕವಿ ಷೆಲ್ಲಿ ತನ್ನ ಕೊನೆಯ ದಿನಗಳನ್ನು ಕಳೆದ ಬಿಳಿಯ ಮನೆ ಇಲ್ಲಿ ಕಡಲಂಚಿನಲ್ಲಿಯೇ ಇದೆ. ೧೮೨೨ರ ಜುಲೈ ತಿಂಗಳಲ್ಲಿ ಲಿವೋರ್ನೊದಿಂದ ಈ ಮನೆಗೆ ದೋಣಿಯಲ್ಲಿ ಹಿಂದಿರುಗುವಾಗ ಬಿರುಗಾಳಿಗೆ ಸಿಲುಕಿ ಅವನು ಮುಳುಗಿದನು. ಆಗ ಅವನಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಕಾಲೇಜಿನಲ್ಲಿ ಅವನನ್ನು ಓದಿದ್ದ ನಾನು ಆ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತೆ.

ಅಲ್ಲಿಂದ ಮುಂದೆ ಬೆಟ್ಟಗಳು ಹಿಂದೆ ಸರಿದು ಬಯಲು ತೆರೆದುಕೊಳ್ಳುತ್ತದೆ. ಎಡಕ್ಕೆ ದೂರದಲ್ಲಿ ಹಿಮ ಬಿದ್ದಂತೆ ಬೆಳ್ಳಗೆ ಹೊಳೆಯುವುದು ಹಿಮವಲ್ಲ, ಕರಾರಾ ಎಂಬಲ್ಲಿಯ ಅಮೃತಶಿಲೆಯ ಗಣಿಗಳು. ಎರಡು ಸಾವಿರ ವರ್ಷಗಳಿಂದ ಅಗೆಯುತ್ತಿದ್ದರೂ ಬೆಟ್ಟ ಮುಗಿದಿಲ್ಲ. ಮೈಕೆಲೇಂಜೆಲೊ ದಾವೀದನನ್ನು ಕಂಡರಿಸಿದ್ದು ಈ ಕಲ್ಲಿನಲ್ಲಿಯೇ. ಹಿಂದೆ ಬಂಡೆಗಳನ್ನು ಸಾಬೂನು ಹಚ್ಚಿದ ತೊಲೆಗಳ ಮೇಲೆ, ಹಗ್ಗ ಬಿಗಿಹಿಡಿದು, ಇಂಚಿಂಚಾಗಿ ಕೆಳಕ್ಕೆ ಜಾರಿಸುತ್ತಿದ್ದರು. ಹಗ್ಗ ಹರಿದರೆ ಕೆಳಗಿದ್ದವರು ಉಳಿಯುತ್ತಿರಲಿಲ್ಲ. ಈಗ ವಜ್ರದ ಹರಳು ಪೋಣಿಸಿದ ತಂತಿ ಬೆಟ್ಟವನ್ನು ಬೆಣ್ಣೆಯಂತೆ ಕೊಯ್ಯುತ್ತದೆ. ಇಂದು ಅಗೆದ ಕಲ್ಲಿನಲ್ಲಿ ಬಹುಪಾಲು ಶಿಲ್ಪಿಯ ಕೈ ಸೇರುವುದೇ ಇಲ್ಲ. ಪುಡಿಯಾಗಿ ಕಾಗದಕ್ಕೂ ಬಣ್ಣಕ್ಕೂ ಹಲ್ಲುಜ್ಜುವ ಪೇಸ್ಟಿಗೂ ಹೋಗುತ್ತದೆ. ಇದನ್ನು ಕೇಳಿ ನನಗೆ ವ್ಯಸನವಾಯಿತು.

ಪೀಸಾದ ವಾಲುಗೋಪುರವನ್ನು ಎಲ್ಲರೂ ಚಿತ್ರದಲ್ಲಿ ಕಂಡಿದ್ದಾರೆ. ೧೧೭೩ರಲ್ಲಿ ಆರಂಭವಾದ ಕಟ್ಟಡ ಮೆದು ನೆಲದಿಂದಾಗಿ ಕಟ್ಟುವಾಗಲೇ ವಾಲತೊಡಗಿತ್ತು. ಅಪಾಯ ಹೆಚ್ಚಿ ೧೯೯೦ರಲ್ಲಿ ಮುಚ್ಚಿದಾಗ, ವಾಲಿದ್ದಕ್ಕೆ ಎದುರು ಬದಿಯಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು ಅದನ್ನು ಕೊಂಚ ನೆಟ್ಟಗಾಗಿಸಿ ೨೦೦೧ರಲ್ಲಿ ತೆರೆದರು. ಪೂರ್ತಿ ನೆಟ್ಟಗೆ ಮಾಡುವ ಯೋಚನೆ ಯಾರಿಗೂ ಇರಲಿಲ್ಲ. ಹಾಗೆ ಮಾಡಿದ್ದರೆ ನೋಡಲು ಯಾರು ಬರುತ್ತಿದ್ದರು ಎಂದು ನಮ್ಮ ಮನೆಯವರು ನಕ್ಕರು.

ಕಾರನ್ನು ಒಪ್ಪಿಸುವ ಮುನ್ನ ಪೆಟ್ರೋಲ್ ತುಂಬಿಸಬೇಕಾಗಿತ್ತು. ಲೀಟರಿಗೆ ಒಂದೂಮುಕ್ಕಾಲು ಯೂರೋ. ನಾವೇ ನಳಿಕೆ ಹಿಡಿದು ತುಂಬಿಕೊಂಡರೆ ಆ ದರ, ಅವರು ಬಂದು ತುಂಬಿಸಿದರೆ ಇನ್ನೂ ಹೆಚ್ಚು. ಬಾಡಿಗೆಯ ಕಚೇರಿಯ ಹುಡುಗ ಗಾಡಿಯ ಸುತ್ತ ಎರಡು ಸಲ ತಿರುಗಿ, ಬಗ್ಗಿ ನೋಡಿ, ಗೀರು ಕಾಣದೆ ಕಾಗದಕ್ಕೆ ಮುದ್ರೆಯೊತ್ತಿದ. ನಮ್ಮ ಮನೆಯವರು ಕೀಲಿಕೈಯನ್ನು ಕೂಡಲೇ ಕೊಡಲಿಲ್ಲ. ಗೋಡೆಯ ಮೇಲಿದ್ದ ಭೂಪಟದಲ್ಲಿ ಔರೇಲಿಯಾ ರಸ್ತೆಯ ಮೇಲೆ ಬೆರಳಿಟ್ಟು ದಕ್ಷಿಣಕ್ಕೆ ಸರಿಸುತ್ತ, "ಇದು ರೋಮಿನ ಮಟಾ ಹೋಗತೈತಿ ನೋಡು" ಎಂದರು.